ಇಗೋ, ಈ ಕೂದಲು: ಶೀಲಾ ಗೌಡ ಅವರ ಕಲೆ ಮತ್ತು ಹರಕೆಗೆ ಒಪ್ಪಿಸಿದ ದೇಹ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ರಸ್ತೆಗಳು ಸವದತ್ತಿಯ ಯಲ್ಲಮ್ಮನ ಗುಡ್ಡದ ಕಡೆಗೆ ಸಾಗುವ ಜನರಿಂದ ತುಂಬುತ್ತವೆ. ಚಕ್ಕಡಿಗಳು, ಟ್ರ್ಯಾಕ್ಟರುಗಳು, ಬಸ್ಸುಗಳು. ಚೌಡಿಕೆಯ ನಾದ, ಉಧೋ ಉಧೋ ಎಂಬ ಕೂಗು, ಹಣೆಯ ತುಂಬ ಭಂಡಾರ. ಆ ಜನರ ನಡುವೆ ತಲೆಯ ಮೇಲೆ ದೇವಿಯ ಜಗ ಹೊತ್ತವರಿರುತ್ತಾರೆ. ಎಣ್ಣೆ ಬಾಚಣಿಗೆ ಕಾಣದೆ ಗಂಟುಗಟ್ಟಿದ ಕೂದಲನ್ನು, ದೇವಿಯೇ ಮೈಮೇಲೆ ಬಂದ ಗುರುತೆಂದು ಕಾಪಾಡಿಕೊಂಡವರೂ ಇರುತ್ತಾರೆ. ಆ ಕೂದಲಿಗೆ ಈ ಭಾಗದಲ್ಲಿ ಜಡೆ ಎನ್ನುತ್ತಾರೆ. ಈ ಸೀಮೆಯಲ್ಲಿ ಸೇವೆ ಮಾಡುವ ಸಭಾಪಾಲಕನು ಅದನ್ನು ಕಾಣದೆ ಇರಲಾರನು. ಆದರೆ ಕಂಡದ್ದನ್ನು ದೇವಶಾಸ್ತ್ರದ ಭಾಷೆಯಲ್ಲಿ ಹೇಳಲು ಹೊರಟಾಗ ಮೂಢನಂಬಿಕೆ, ಶೋಷಣೆ, ವಿಮೋಚನೆ ಎಂಬ ಮೂರು ಪದಗಳಲ್ಲಿ ನಮ್ಮ ಮಾತು ಮುಗಿದುಹೋಗುತ್ತದೆ. ಮೂರೂ ಬೇಕಾದ ಪದಗಳೇ. ಆದರೂ ಆ ಪದಗಳ ನಡುವೆ ಆ ಹೆಣ್ಣಿನ ತಲೆ, ಹೆಗಲು, ಕೂದಲು, ಅಂದರೆ ಅವಳ ದೇಹವೇ ನಮ್ಮ ಕಣ್ಣಿಗೆ ತಪ್ಪಿಹೋಗುತ್ತದೆ.

ದೇಹವನ್ನು ನೋಡುವುದು ಹೇಗೆಂಬುದನ್ನು ಸಭೆಯು ಕೆಲವೊಮ್ಮೆ ಸಭೆಯ ಹೊರಗಿನವರಿಂದ ಕಲಿಯಬೇಕಾಗುತ್ತದೆ. ಈ ಲೇಖನವು ಕರ್ನಾಟಕದವರೇ ಆದ ಶೀಲಾ ಗೌಡ ಅವರ ಎರಡು ಕೃತಿಗಳನ್ನು ಆ ಉದ್ದೇಶದಿಂದ ಪರಿಶೀಲಿಸುತ್ತದೆ. ಅವರು ಕ್ರೈಸ್ತ ಕಲಾವಿದರಲ್ಲ. ಅವರ ಕೃತಿಗಳಿಗೆ ದೀಕ್ಷಾಸ್ನಾನ ಮಾಡಿಸುವುದು ನಮ್ಮ ಕೆಲಸವೂ ಅಲ್ಲ. ಹರಕೆ, ಕುಂಕುಮ, ಧೂಪ, ಕೂದಲು ಎಂಬ ಭಕ್ತಿಯ ವಸ್ತುಗಳನ್ನು ಅವರು ಕೈಗೆತ್ತಿಕೊಂಡ ರೀತಿಯಿಂದ ಯಲ್ಲಮ್ಮನ ಗುಡ್ಡದ ನೆರಳಿನಲ್ಲಿ ಸುವಾರ್ತೆ ಸಾರುವವರಿಗೆ ಏನು ದೊರೆಯುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ದಾರ ಮತ್ತು ಹಗ್ಗ

ಶೀಲಾ ಗೌಡ ಅವರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತರು. ಚಿತ್ರಕಾರರಾಗಿ ಆರಂಭಿಸಿದ ಅವರು 1990ರ ದಶಕದಲ್ಲಿ, ದೇಶದಲ್ಲಿ ಕೋಮುಹಿಂಸೆ ಹೆಚ್ಚಿದ ಕಾಲದಲ್ಲಿ, ತೈಲವರ್ಣವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ನೆಲ ಸಾರಿಸಲು, ಕುಳ್ಳು ತಟ್ಟಲು ಹೆಂಗಸರ ಕೈ ದಿನವೂ ಮುಟ್ಟುವ ವಸ್ತು ಅದು. ಪವಿತ್ರವೆಂದು ಎಣಿಸಲ್ಪಟ್ಟದ್ದು, ಅದೇ ಸಮಯದಲ್ಲಿ ಹೊಲಸು ಕೆಲಸದ್ದು. ಮುಂದೆ ಅವರು ಬಳಸಿದ ಎಲ್ಲ ವಸ್ತುಗಳಲ್ಲಿಯೂ ಈ ದ್ವಂದ್ವವಿದೆ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಅವರು ಇರಿಸಿದ ‘ಕೊಲ್ಯಾಟರಲ್’ ಎಂಬ ಕೃತಿಯಲ್ಲಿ ಊದುಬತ್ತಿಯ ಹಿಟ್ಟನ್ನು ಲಟ್ಟಿಸಿ ಚೌಕಟ್ಟುಗಳ ಮೇಲೆ ಹರಡಿ ಸುಡಲಾಗಿತ್ತು. ನೋಡುಗನಿಗೆ ಉಳಿದದ್ದು ಬೂದಿ. ಆರಾಧನೆಯ ಸುವಾಸನೆ ಯಾವುದೋ ಊರು ಸುಟ್ಟ ಗುರುತಾಗಿ ಅಲ್ಲಿ ಮಲಗಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದ ಮೊದಲ ಕೃತಿ 1998ರ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’. ‘ನನ್ನ ನೋವನ್ನು ಅವನಿಗೆ ತಿಳಿಸು’ ಎಂದು ಇದರ ಅರ್ಥ. ಬಹು ಉದ್ದದ ದಾರಗಳನ್ನು ಒಂದೊಂದು ಸೂಜಿಯ ಕಣ್ಣಿನಿಂದ ಪೋಣಿಸಿ, ದಾರಗಳನ್ನೆಲ್ಲ ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಸವರಿ ಕಲಾವಿದೆಯು ಕೆಂಪು ಹಗ್ಗವನ್ನು ಮಾಡಿದ್ದಾರೆ. ಹಗ್ಗವು ಗೋಡೆಯಿಂದ ನೆಲಕ್ಕೆ ಇಳಿದು, ಸುತ್ತಿ, ಮತ್ತೆ ಏರುತ್ತದೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ದೂರದಿಂದ ಅದು ಕರುಳಬಳ್ಳಿಯಂತೆಯೂ ರಕ್ತನಾಳದಂತೆಯೂ ಕಾಣುತ್ತದೆ. ಹತ್ತಿರ ಹೋದರೆ ಕೇವಲ ದಾರ. ರಾಮದುರ್ಗ, ಸುರೇಬಾನಗಳ ಕೈಮಗ್ಗಗಳ ನಡುವೆ ಬೆಳೆದವರಿಗೆ ಇದರ ಶ್ರಮ ಬೇಗ ಅರ್ಥವಾಗುತ್ತದೆ. ಎಳೆ ಎಳೆಯಾಗಿ ದಾರ ಪೋಣಿಸುವವರ ಬೆನ್ನು, ಕಣ್ಣು, ಬೆರಳ ತುದಿಗಳು ಆ ಹಗ್ಗದೊಳಗೆ ಸೇರಿವೆ. ಕುಂಕುಮವು ಮುತ್ತೈದೆಯ ಹಣೆಯದು. ಸೂಜಿಯು ಹೊಲಿಯುವುದು, ಚುಚ್ಚುವುದು ಎರಡನ್ನೂ ಬಲ್ಲದು. ನೋವನ್ನು ಯಾರಿಗೆ ತಿಳಿಸಬೇಕು, ಆ ‘ಅವನು’ ಯಾರು ಎಂಬುದನ್ನು ಕೃತಿ ಹೇಳುವುದಿಲ್ಲ. ಯೆರೂಸಲೇಮಿನ ಹೆಣ್ಣುಮಕ್ಕಳ ಮೂಲಕ ತನ್ನ ಪ್ರಿಯನಿಗೆ ಸಂದೇಶ ಕಳುಹಿಸಲು ಬಯಸುವ ಪರಮಗೀತದ ಹೆಣ್ಣು ನಮಗೆ ನೆನಪಾಗಬಹುದು. ಆ ನೆನಪು ಓದುಗರಾದ ನಮ್ಮದು. ಕಲಾವಿದೆಯ ಮೇಲೆ ಅದನ್ನು ಹೊರಿಸಬಾರದು.

ಎರಡನೆಯದು 2009ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾಗಿ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ಬಿಹೋಲ್ಡ್’. ಮನುಷ್ಯರ ಕೂದಲಿನಿಂದ ಕೈಯಿಂದಲೇ ಹೊಸೆದ ಸುಮಾರು 4 ಕಿಲೋಮೀಟರ್ ಉದ್ದದ ಹಗ್ಗ ಮತ್ತು ಕಾರುಗಳ ಉಕ್ಕಿನ ಬಂಪರುಗಳು ಇದರ ವಸ್ತುಗಳು. ಇದರ ಹಿನ್ನೆಲೆ ನಮಗೆ ಪರಿಚಿತವಾದದ್ದೇ. ದೇವಸ್ಥಾನಗಳಲ್ಲಿ ಹರಕೆ ಹೊತ್ತವರು ಮುಡಿ ಕೊಡುತ್ತಾರೆ. ಉದ್ದ ಕೂದಲು ಚೌರಿ, ವಿಗ್ಗುಗಳ ವ್ಯಾಪಾರಕ್ಕೆ ಹೋಗುತ್ತದೆ. ತುಂಡು ಕೂದಲು ಹಗ್ಗವಾಗುತ್ತದೆ. ಬೆಂಗಳೂರಿನ ಚಾಲಕರು ದೃಷ್ಟಿ ತಾಗದಿರಲೆಂದು, ಅಪಘಾತವಾಗದಿರಲೆಂದು ಆ ಹಗ್ಗವನ್ನು ತಮ್ಮ ವಾಹನದ ಬಂಪರಿಗೆ ಕಟ್ಟುತ್ತಾರೆ. ಬೀದಿಯಲ್ಲಿ ದಿನವೂ ಕಾಣುವ ಈ ಸಣ್ಣ ರಕ್ಷೆಯನ್ನು ಶೀಲಾ ಗೌಡ ಅವರು ಕಿಲೋಮೀಟರುಗಳಿಗೆ ಬೆಳೆಸಿದ್ದಾರೆ. ಭಾರವಾದ ಉಕ್ಕನ್ನು ಕೂದಲ ಹಗ್ಗಗಳೇ ಗೋಡೆಯ ಮೇಲೆ ಎತ್ತಿ ಹಿಡಿದಿವೆ. ಉಳಿದ ಹಗ್ಗ ಜೋತುಬಿದ್ದು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿದೆ. ಸೂಕ್ಷ್ಮವಾದದ್ದು ಬಲವಾದದ್ದನ್ನು ಹೊತ್ತಿದೆ. ಈ ಲೇಖಕನು ಇದನ್ನು ಕಂಡದ್ದು ಛಾಯಾಚಿತ್ರಗಳಲ್ಲಿ ಮಾತ್ರ. ಅಷ್ಟರಿಂದಲೇ ಗುಡ್ಡಕ್ಕೆ ಹೋಗುವ ಹೆಂಗಸರ ತಲೆಯ ಮೇಲಿನ ಸಿಂಬೆ ನೆನಪಾಯಿತು. ಜನಪದ ಕಥನದಲ್ಲಿ ರೇಣುಕೆಯು ಹಾವನ್ನು ಸಿಂಬೆ ಮಾಡಿ, ಮಳಲಿನ ಕೊಡದಲ್ಲಿ ಮಲಪ್ರಭೆಯ ನೀರು ತರುತ್ತಿದ್ದಳು. ಒಂದು ಕ್ಷಣ ಮನಸ್ಸು ಚಂಚಲವಾದದ್ದಕ್ಕೆ ಅವಳ ತಲೆಯೇ ಹೋಯಿತು. ದೇಹದ ಶುದ್ಧಿಯನ್ನು ಯಾರು ಅಳೆಯುತ್ತಾರೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಸವದತ್ತಿಯ ಆ ಕಥೆಯ ಒಳಗೇ ಇದೆ.

ಹರಕೆಯ ಕೂದಲು

ಕೂದಲನ್ನು ದೇವರಿಗೆ ಒಪ್ಪಿಸುವುದು ಅನ್ಯರ ಆಚಾರವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಸತ್ಯವೇದವೇ ಹಾಗೆ ಹೇಳಗೊಡುವುದಿಲ್ಲ. ಅರಣ್ಯಕಾಂಡದ 6ನೆಯ ಅಧ್ಯಾಯದ ನಾಜೀರ ವ್ರತದಲ್ಲಿ ಕೂದಲಿನ ಎರಡು ಅವಸ್ಥೆಗಳಿವೆ. ವ್ರತದ ದಿನಗಳಲ್ಲಿ ತಲೆಗೆ ಕ್ಷೌರದ ಕತ್ತಿ ಸೋಕಬಾರದು. ವ್ರತ ಮುಗಿದಾಗ ಬೋಳಿಸಿದ ಕೂದಲನ್ನು ಸಮಾಧಾನಯಜ್ಞದ ಬೆಂಕಿಗೆ ಹಾಕಬೇಕು. ಗುಡ್ಡಕ್ಕೆ ಹೋಗುವವಳು ಕತ್ತರಿಸದೆ ಉಳಿಸಿಕೊಂಡ ಜಡೆ, ಬೇರೆ ಬೇರೆ ಕ್ಷೇತ್ರಗಳಲ್ಲಿ ಭಕ್ತರು ಬೋಳಿಸಿ ಕೊಟ್ಟ ಮುಡಿ: ಇವೆರಡಕ್ಕೂ ಅಲ್ಲಿ ಹೋಲಿಕೆ ಸಿಗುತ್ತದೆ. ಈ ವ್ರತವು ಗಂಡಸರಿಗೆ ಮಾತ್ರವಲ್ಲದೆ ಹೆಂಗಸರಿಗೂ ತೆರೆದಿತ್ತೆಂಬುದನ್ನು ಆ ಅಧ್ಯಾಯವು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತದೆ. ಹೊಸ ಒಡಂಬಡಿಕೆಯಲ್ಲಿಯೂ ಈ ಆಚಾರವು ಕೊನೆಗೊಳ್ಳಲಿಲ್ಲ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಪೌಲನು ಹರಕೆಯ ನಿಮಿತ್ತ ಕೆಂಖ್ರೆಯಲ್ಲಿ ತಲೆ ಬೋಳಿಸಿಕೊಳ್ಳುತ್ತಾನೆ. 21ನೆಯ ಅಧ್ಯಾಯದಲ್ಲಿ ಹರಕೆ ಹೊತ್ತ ನಾಲ್ವರ ಕ್ಷೌರದ ವೆಚ್ಚವನ್ನು ವಹಿಸಿಕೊಳ್ಳುತ್ತಾನೆ. ಕೃಪೆಯ ಅಪೊಸ್ತಲನ ತಲೆಗೂದಲೂ ಒಂದು ದಿನ ಹರಕೆಗೆ ಹೋಯಿತು.

ಹರಕೆಯಲ್ಲಿ ಒಪ್ಪಿಸುವವನಾರು, ಒಪ್ಪಿಸಲ್ಪಟ್ಟವರಾರು ಎಂಬುದು ಮಾತ್ರ ನಿರ್ಣಾಯಕ. ಹನ್ನಳು ಇನ್ನೂ ಹುಟ್ಟದ ಮಗುವನ್ನು ದೇವರಿಗೆ ಕೊಟ್ಟಳು, ಅವನ ತಲೆಗೆ ಕ್ಷೌರದ ಕತ್ತಿ ಸೋಕದೆಂದು ಮಾತು ಕೊಟ್ಟಳು. ಆ ಮಗನು ಬೆಳೆದು ದೇವರ ಸ್ವರವನ್ನು ತಾನೇ ಕೇಳಿ, ತಾನೇ ಉತ್ತರ ಕೊಟ್ಟನು. ಯೆಪ್ತಾಹನೂ ಹರಕೆ ಹೊತ್ತನು. ಅದಕ್ಕೆ ಬಲಿಯಾದವಳು ಅವನ ಮಗಳು. ನ್ಯಾಯಸ್ಥಾಪಕರು ಗ್ರಂಥವು ಅವಳ ಹೆಸರನ್ನೂ ಉಳಿಸಲಿಲ್ಲ. ತಂದೆ ಮಾಡಿದ ಹರಕೆಯನ್ನು ಮಗಳ ದೇಹ ತೀರಿಸಿತು. ನಮ್ಮ ನಾಡಿನ ದೇವದಾಸಿ ಸಮರ್ಪಣೆಯನ್ನು ಸಮಾಜಶಾಸ್ತ್ರದ ಭಾಷೆಯಲ್ಲಿ ವಿವರಿಸಲು ಬಹಳ ಪುಟಗಳು ಬೇಕು. ಯೆಪ್ತಾಹನ ಮನೆಯ ಬಾಗಿಲಲ್ಲಿ ನಿಂತರೆ ಅದರ ತಿರುಳು ತಿಳಿಯುತ್ತದೆ. ಬಡತನ, ಜಾತಿ, ರೋಗ, ಗಂಡುಮಕ್ಕಳಿಲ್ಲದ ಚಿಂತೆ, ಇವೆಲ್ಲ ಸೇರಿ ಹಿರಿಯರು ಹೊತ್ತ ಹರಕೆಯನ್ನು ದಲಿತ ಹುಡುಗಿಯೊಬ್ಬಳ ಮೈ ತೀರಿಸುತ್ತದೆ. ಬೆಳಗಾವಿ ಜಿಲ್ಲೆಯು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೇ ದೇವದಾಸಿ ಸಂರಕ್ಷಣಾ ಕಾಯಿದೆ ಬಂತು. 1982ರಲ್ಲಿ ಕರ್ನಾಟಕವು ಸಮರ್ಪಣೆಯನ್ನು ನಿಷೇಧಿಸುವ ತನ್ನದೇ ಕಾಯಿದೆಯನ್ನು ಮಾಡಿತು. ಆ ಕಾಯಿದೆಗಳ ಹಿಂದಿನ ನ್ಯಾಯದ ಬಗ್ಗೆ ಸಂಶಯ ಬೇಡ.

ಆದರೆ ಸುಧಾರಣೆಯ ಕೈಗೂ ಒಂದು ಕತ್ತರಿ ಬಂತು. ಉತ್ತರ ಕರ್ನಾಟಕದ ಜೋಗತಿಯರ ನಡುವೆ ಅಧ್ಯಯನ ಮಾಡಿದ ಲುಸಿಂಡಾ ರಾಂಬರ್ಗ್ ಅವರು 2014ರಲ್ಲಿ ಪ್ರಕಟಿಸಿದ ‘ಗಿವನ್ ಟು ದ ಗಾಡೆಸ್’ ಗ್ರಂಥದಲ್ಲಿ, ಜಡೆ ಕತ್ತರಿಸುವುದೇ ಸುಧಾರಣೆಯ ಒಂದು ಮುಖ್ಯ ಕ್ರಿಯೆಯಾದ ಬಗೆಯನ್ನು ವಿವರಿಸಿದ್ದಾರೆ. ಒಪ್ಪಿಸುವಾಗ ಅವಳನ್ನು ಕೇಳಲಿಲ್ಲ. ಬಿಡಿಸುವಾಗಲೂ ಕೇಳದಿದ್ದರೆ ಆ ತಲೆಯು ಎರಡನೆಯ ಸಲ ಪರರ ಪಾಲಾಯಿತು. ಕತ್ತರಿ ಹಿಡಿದವನ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಈ ಪ್ರಶ್ನೆ ಬಿದ್ದುಹೋಗುವುದಿಲ್ಲ.

ಕಾಣಿಸದ ದೇಹ

ಈ ಹಿನ್ನೆಲೆಯಲ್ಲಿ ಶೀಲಾ ಗೌಡ ಅವರ ಕಲೆಯ ಒಂದು ಲಕ್ಷಣವು ಎದ್ದು ಕಾಣುತ್ತದೆ: ಈ ಎರಡು ಕೃತಿಗಳಲ್ಲಿ ದೇಹದ ಚಿತ್ರವೇ ಇಲ್ಲ. ಕೂದಲಿದೆ, ತಲೆಯಿಲ್ಲ. ಕುಂಕುಮವಿದೆ, ಹಣೆಯಿಲ್ಲ. ಸೂಜಿಯಿದೆ, ಬೆರಳಿಲ್ಲ. ದೇಹವು ಕೊಟ್ಟದ್ದು ಮತ್ತು ದೇಹವು ದುಡಿದದ್ದು ಮಾತ್ರ ನಮ್ಮ ಮುಂದಿದೆ.

ನಮ್ಮ ಸೀಮೆಯಲ್ಲಿ ಹೆಣ್ಣಿನ ದೇಹವು ಎರಡು ಬಗೆಯ ಚಿತ್ರಗಳಾಗಿ ಸಾರ್ವಜನಿಕವಾಗಿದೆ. ಒಂದು, ಕುದುರೆಯೇರಿ ಕತ್ತಿ ಹಿರಿದ ಕಿತ್ತೂರು ಚೆನ್ನಮ್ಮ. ಇದು 1824ರ ನೆನಪು, ನಮ್ಮ ಊರುಗಳ ವೃತ್ತಗಳಲ್ಲಿ ನಿಂತ ಹೆಮ್ಮೆ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ದೇಹವನ್ನು ಆ ಪ್ರತಿಮೆಗಳು ನೆನೆಯುವುದಿಲ್ಲ. ಅದನ್ನು ನೆನೆಯಲು ಬೈಲಹೊಂಗಲದ ಸಮಾಧಿಗೇ ಹೋಗಬೇಕು. ಇನ್ನೊಂದು, ಜಡೆ ಬಿಟ್ಟ, ಭಂಡಾರ ಬಳಿದ ಜೋಗತಿಯ ಛಾಯಾಚಿತ್ರ. ಪತ್ರಿಕೆಗಳು, ಸಾಕ್ಷ್ಯಚಿತ್ರಗಳು, ಸಂಸ್ಥೆಗಳ ವರದಿಗಳು, ಸಂಕೋಚದಿಂದಲೇ ಹೇಳಬೇಕು, ಮಿಷನ್ ಪ್ರಕಟಣೆಗಳೂ ಆ ಮುಖವನ್ನು ಮತ್ತೆ ಮತ್ತೆ ಬಳಸಿವೆ. ಒಂದು ಚಿತ್ರವು ದೇಹವನ್ನು ವೀರವಾಗಿಸಿತು, ಇನ್ನೊಂದು ಕರುಣೆಯ ಸರಕಾಗಿಸಿತು. ಎರಡರಲ್ಲಿಯೂ ನೋಡುವವನಿಗೆ ತೃಪ್ತಿಯಿದೆ. ‘ಬಿಹೋಲ್ಡ್’ ಆ ತೃಪ್ತಿಯನ್ನು ಕೊಡಲೊಲ್ಲದು. ನೋಡು ಎಂದು ಕರೆದು, ನೋಡಲು ಮುಖವನ್ನೇ ಕೊಡುವುದಿಲ್ಲ. ದೇಹವನ್ನು ಪ್ರದರ್ಶನಕ್ಕಿಡದೆ ಅದರ ಭಾರವನ್ನು ತೋರಿಸುವ ಈ ಸಂಯಮವು ಕೇವಲ ಶೈಲಿಯ ಸಂಗತಿಯಲ್ಲ, ನೈತಿಕ ನಿರ್ಧಾರ.

ಕರ್ನಾಟಕದ ಕ್ರೈಸ್ತ ಕಲೆಯು ಹಿಡಿದ ದಾರಿ ಬೇರೆ. ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಅವರು ದಶಕಗಳಿಂದ ಕ್ರಿಸ್ತನ, ಮರಿಯಳ ದೇಹಗಳನ್ನು ಈ ನೆಲದ ರೂಪಕಗಳಲ್ಲಿ ಚಿತ್ರಿಸಿದವರು. ಬ್ರಿಟನ್ನಿನ ಮೆಥಡಿಸ್ಟ್ ಆಧುನಿಕ ಕಲಾಸಂಗ್ರಹದಲ್ಲಿರುವ ಅವರ ‘ದಲಿತ್ ಮಡೋನ್ನಾ’ದಲ್ಲಿ ತಾಯಿ ಮಗು ಇಬ್ಬರೂ ಮನೆಯ ಒರಳುಕಲ್ಲು ಮತ್ತು ಅದರ ಗುಂಡಿನ ರೂಪಕದಲ್ಲಿ ಒಂದಾಗಿದ್ದಾರೆ. ವಾಕ್ಯವು ಶರೀರಧಾರಿಯಾಯಿತೆಂದು ನಂಬುವವರಿಗೆ ಆ ದಾರಿ ಅಗತ್ಯ; ದೇಹವನ್ನು ಚಿತ್ರಿಸುವ ಧೈರ್ಯವು ಮನುಷ್ಯಾವತಾರದ ಬೋಧನೆಯಿಂದಲೇ ಬಂದದ್ದು. ಹಾಗಿದ್ದರೆ ದೇಹವನ್ನು ಚಿತ್ರಿಸದ ಕಲೆಯು ಮನುಷ್ಯಾವತಾರಕ್ಕೆ ದೂರವೇ?

ಯೋಹಾನನು ಬರೆದ ಸುವಾರ್ತೆಯ ಎರಡು ದೃಶ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಉತ್ತರದ ಕಡೆಗೆ ಒಂದು ಹೆಜ್ಜೆ ಇಡಬಹುದು. 19ನೆಯ ಅಧ್ಯಾಯದಲ್ಲಿ ಪಿಲಾತನು ಕೊರಡೆಯ ಪೆಟ್ಟು ತಿಂದ ಯೇಸುವನ್ನು ಹೊರಗೆ ತಂದು, ನೋಡಿರೆಂದು ಜನರ ಮುಂದೆ ನಿಲ್ಲಿಸುತ್ತಾನೆ. ಮುಳ್ಳಿನ ಕಿರೀಟವಿದೆ, ಕೆಂಪು ನಿಲುವಂಗಿಯಿದೆ, ದೇಹ ಪೂರ್ಣವಾಗಿ ಕಾಣುತ್ತಿದೆ. ಕಂಡವರು ಶಿಲುಬೆಗೆ ಹಾಕಿಸೆಂದು ಕೂಗುತ್ತಾರೆ. ದೇಹವನ್ನು ಪ್ರದರ್ಶಿಸಿದ ಮಾತ್ರಕ್ಕೆ ಕರುಣೆ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷ್ಯ ಬೇಕಿಲ್ಲ. 20ನೆಯ ಅಧ್ಯಾಯದಲ್ಲಿ ಸಮಾಧಿಯೊಳಗೆ ದೇಹವಿಲ್ಲ. ನಾರುಬಟ್ಟೆಗಳು ಬಿದ್ದಿವೆ, ತಲೆಗೆ ಸುತ್ತಿದ್ದ ವಸ್ತ್ರವು ಬೇರೆಯಾಗಿ, ಸುತ್ತಿದ ಹಾಗೆಯೇ ಇದೆ. ಇನ್ನೊಬ್ಬ ಶಿಷ್ಯನು ಅದನ್ನು ನೋಡಿ ನಂಬಿದನು. ದೇಹವನ್ನು ಮುಟ್ಟಿದ್ದ ವಸ್ತುವೇ ಅಲ್ಲಿ ಸಾಕ್ಷಿಯಾಯಿತು. ಪಿಲಾತನ ‘ಇಗೋ’ ಮತ್ತು ಸಮಾಧಿಯ ಮೌನ, ಇವೆರಡರಲ್ಲಿ ಶೀಲಾ ಗೌಡ ಅವರ ‘ಇಗೋ’ ಎರಡನೆಯದಕ್ಕೆ ಹತ್ತಿರವಾದದ್ದು.

ಕಲೆಯ ಮಿತಿ

ಇಷ್ಟು ಹೇಳಿದ ಮೇಲೆ ಎರಡು ಆಕ್ಷೇಪಗಳನ್ನು ಮುಚ್ಚಿಡಬಾರದು.

ಮೊದಲನೆಯದು ಸ್ಥಳಕ್ಕೆ ಸಂಬಂಧಿಸಿದ್ದು. ವೆನಿಸ್ಸಿನ ಅಥವಾ ಲಂಡನ್ನಿನ ಬಿಳಿಗೋಡೆಯ ಮುಂದೆ ಕೂದಲ ಹಗ್ಗವು ಸುಂದರವಾದ ಕಪ್ಪು ರೇಖೆಯಾಗಿಬಿಡುತ್ತದೆ. ಹರಕೆ ಹೊತ್ತವರ ಜ್ವರ, ಸಾಲ, ಮಗುವಿನ ಚಿಂತೆ ಗೋಡೆಯ ಪಕ್ಕದ ವಿವರಣೆಯಲ್ಲಿ ಒಂದೆರಡು ವಾಕ್ಯಗಳಾಗುತ್ತವೆ. ಮುಡಿ ಕೊಟ್ಟವಳಿಗೆ ಕೂದಲಿನ ವ್ಯಾಪಾರದಲ್ಲಿ ಪಾಲಿರಲಿಲ್ಲ. ಕೃತಿಯ ಕೀರ್ತಿಯಲ್ಲಿಯೂ ಇಲ್ಲ. ಕಲಾವಿದೆಯು ಇದನ್ನು ಅರಿಯದವರಲ್ಲ: ಅಗ್ಗದ ರಕ್ಷೆಯು ಬೆಲೆಬಾಳುವ ಯಂತ್ರವನ್ನು ಕಾಯುವ ವ್ಯಂಗ್ಯವೇ ಕೃತಿಯ ಜೀವ. ಆದರೂ ವ್ಯಂಗ್ಯವನ್ನು ತೋರಿಸುವುದು ಬೇರೆ, ಅದರಿಂದ ಹೊರಬರುವುದು ಬೇರೆ.

ಎರಡನೆಯದು ದೇವಶಾಸ್ತ್ರದ ಆಕ್ಷೇಪ. 4 ಕಿಲೋಮೀಟರ್ ಹಗ್ಗದಲ್ಲಿ ಎಷ್ಟು ತಲೆಗಳ ಕೂದಲಿದೆಯೆಂದು ಯಾರೂ ಹೇಳಲಾರರು. ಒಬ್ಬಳ ಎಳೆ ಇನ್ನೊಬ್ಬಳ ಎಳೆಯೊಡನೆ ಹೊಸೆದುಹೋಗಿದೆ. ಅದರಲ್ಲಿ ಒಂದು ಒಗ್ಗಟ್ಟಿದೆ, ನಿಜ. ಆದರೆ ಹೆಸರುಗಳು ಅಳಿದಿವೆ. ಯೇಸು ತನ್ನ ಶಿಷ್ಯರಿಗೆ ಹೇಳಿದ ದೇವರಾದರೋ ಗುಬ್ಬಿಗಳನ್ನು ಮರೆಯದವನು, ತಲೆಯ ಕೂದಲುಗಳನ್ನೂ ಎಣಿಸಿದವನು. ಅಳೆಯುವುದಕ್ಕೂ ಎಣಿಸುವುದಕ್ಕೂ ವ್ಯತ್ಯಾಸವಿದೆ: ವ್ಯಾಪಾರಿಯು ಕೂದಲನ್ನು ತೂಗುತ್ತಾನೆ, ಅಳೆಯುತ್ತಾನೆ, ತಾಯಿ ಮಾತ್ರ ಎಳೆ ಬಿಡಿಸಿ ಬಾಚುತ್ತಾಳೆ. ಖಾಲಿ ಸಮಾಧಿಯ ಕಥೆಯೂ ಬಟ್ಟೆಯ ಬಳಿ ನಿಲ್ಲುವುದಿಲ್ಲ. ಹೊರಗೆ ಅಳುತ್ತಾ ನಿಂತ ಮಗ್ದಲದ ಮರಿಯಳು ತನ್ನ ಹೆಸರು ಹಿಡಿದು ಕರೆದಾಗಲೇ ಕರ್ತನನ್ನು ಗುರುತಿಸಿದಳು. ತೋಮನ ಮುಂದೆ ಗಾಯದ ಕೈಗಳು ಬಂದವು. ಉಳಿದ ವಸ್ತುವಿನಿಂದ ಹೆಸರುಳ್ಳ ದೇಹದ ಕಡೆಗೆ ಹೋಗುವುದು ಪುನರುತ್ಥಾನದ ದಾರಿ. ಶೀಲಾ ಗೌಡ ಅವರ ಕಲೆ ಆ ದಾರಿಯಲ್ಲಿ ಬಟ್ಟೆಯ ಬಳಿ ನಿಂತಿದೆ. ಅದನ್ನು ಕೊರತೆಯೆನ್ನಲು ಮಾತ್ರ ನಮಗೆ ಆತುರ ಬೇಡ, ಏಕೆಂದರೆ ಸಭೆಯ ಕೊರತೆ ಇದಕ್ಕೆ ವಿರುದ್ಧವಾದದ್ದು. ನಾವು ಬಟ್ಟೆಯ ಬಳಿ ನಿಲ್ಲುವುದೇ ಇಲ್ಲ; ಬಗ್ಗಿ ನೋಡುವುದಕ್ಕೆ ಮೊದಲೇ ಪುನರುತ್ಥಾನದ ಪ್ರಸಂಗವನ್ನು ಆರಂಭಿಸುತ್ತೇವೆ.

ಸಭೆಯ ಬಾಗಿಲಲ್ಲಿ

ಈಗ ನಾವು ಆರಂಭಿಸಿದ ರಸ್ತೆಗೇ ಹಿಂದಿರುಗೋಣ. ಜಡೆ ಹೊತ್ತ ಒಬ್ಬಾಕೆ ಒಂದು ಭಾನುವಾರ ಸವದತ್ತಿ ತಾಲೂಕಿನ ಯಾವುದೋ ಹಳ್ಳಿಯ ಸಭೆಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತಳೆಂದು ಭಾವಿಸೋಣ. ಕೆಲವು ತಿಂಗಳುಗಳ ನಂತರ ದೀಕ್ಷಾಸ್ನಾನ ಬೇಕೆನ್ನುತ್ತಾಳೆ. ಹಿರಿಯರು ಸಭಾಪಾಲಕನನ್ನು ಕರೆದು, ‘ಅಯ್ಯನವರೇ, ಮೊದಲು ಆ ಜಡೆ ತೆಗೆಸಬೇಕಲ್ಲ?’ ಎನ್ನುತ್ತಾರೆ. ನಮ್ಮ ಸೆಮಿನರಿಗಳ ಯಾವ ಪಠ್ಯವೂ ಈ ಪ್ರಶ್ನೆಗೆ ನಮ್ಮನ್ನು ಸಿದ್ಧಪಡಿಸುವುದಿಲ್ಲ. ವಿಗ್ರಹಾರಾಧನೆಯ ಗುರುತನ್ನು ಹೊತ್ತು ನೀರಿಗಿಳಿಯಬಹುದೇ ಎಂಬುದು ಹಿರಿಯರ ಚಿಂತೆ; ಅದು ಹಗುರವಾದ ಚಿಂತೆಯಲ್ಲ. ಆದರೆ ಆ ಜಡೆಯು ಅವಳಿಗೆ ಬಂಧನವೋ ಗೌರವವೋ, ಊರಿನಲ್ಲಿ ಅವಳಿಗೆ ಉಳಿದ ಒಂದೇ ಅಧಿಕಾರವೋ, ಹೊತ್ತು ಹೊತ್ತು ಕತ್ತು ಸೋತ ಭಾರವೋ ಎಂಬುದನ್ನು ಅವಳ ಹೊರತು ಯಾರು ಹೇಳಬಲ್ಲರು? ಅವಳು ಹೇಳುವ ತನಕ ಕತ್ತರಿಯನ್ನು ಕೆಳಗಿಡುವುದೇ ಸುವಾರ್ತೆಗೆ ತಕ್ಕದ್ದು. ಅವಳೇ ಒಂದು ದಿನ ಬೇಡವೆಂದರೆ, ನಾಜೀರನ ವ್ರತ ಮುಗಿದ ದಿನದಂತೆ ಅದು ಪ್ರಾರ್ಥನೆಯೊಂದಿಗೆ ಇಳಿಯಲಿ. ಕತ್ತರಿಸುವ ಕೈ ಅವಳು ಆರಿಸಿದ ಕೈಯಾಗಿರಲಿ.

ಬೆಥಾನ್ಯದ ಮರಿಯಳು ತನ್ನ ಕೂದಲನ್ನು ಬಿಚ್ಚಿ ಕರ್ತನ ಪಾದಗಳನ್ನು ಒರೆಸಿದಾಗ ಮನೆಯಲ್ಲಿದ್ದ ಶಿಷ್ಯನೊಬ್ಬನು ತೈಲದ ಬೆಲೆಯನ್ನು ಲೆಕ್ಕ ಹಾಕಿದನು. ಲೂಕನು ಹೇಳುವ ಇನ್ನೊಂದು ಮನೆಯಲ್ಲಿ ಫರಿಸಾಯನಾದ ಸೀಮೋನನು ಅಂಥದೇ ಸೇವೆ ಮಾಡಿದ ಹೆಂಗಸನ್ನು ಕಂಡು ಅವಳೆಂಥವಳೆಂದು ಲೆಕ್ಕ ಹಾಕಿದನು. ಯೇಸು ಸೀಮೋನನಿಗೆ ಕೇಳಿದ ಪ್ರಶ್ನೆ ಬಹಳ ಸರಳ: ಈ ಹೆಂಗಸನ್ನು ನೋಡಿದೆಯಾ? ತನ್ನ ಮನೆಯಲ್ಲಿ, ತನ್ನ ಕಣ್ಣೆದುರಿನಲ್ಲಿದ್ದವಳನ್ನು ಸೀಮೋನನು ಅದುವರೆಗೂ ನೋಡಿರಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆಯೊಬ್ಬರು ಕೂದಲ ಹಗ್ಗವೊಂದಕ್ಕೆ ‘ನೋಡು’ ಎಂದು ಹೆಸರಿಟ್ಟಾಗ ಆ ಪ್ರಶ್ನೆಯನ್ನು ಉದ್ದೇಶಿಸಿರಲಾರರು. ಮುಂದಿನ ಹುಣ್ಣಿಮೆಗೆ ಬಂಡಿಗಳು ಮತ್ತೆ ಗುಡ್ಡದ ಕಡೆಗೆ ಹೊರಟಾಗ, ರಸ್ತೆಯ ಬದಿಯ ನಮ್ಮ ಸಭೆಗಳ ಬಾಗಿಲಲ್ಲಿ ನಿಂತವರಿಗೆ ಮಾತ್ರ ಅದೇ ಪ್ರಶ್ನೆ ಕೇಳಿಸಬೇಕು.